ನಂಬದವನೂ ಒಳ್ಳೆಯವನಾದರೆ ನಂಬಿಕೆ ಯಾತಕ್ಕೆ?



ಬೆಟ್ಟ ಹತ್ತಿ ಬಂದು, ಪ್ರಾರ್ಥನೆ ಮುಗಿಸಿ, ನೆರಳಿನಲ್ಲಿ ಸ್ವಲ್ಪ ಹೊತ್ತು ಕೂತಾಗ ಮನಸ್ಸಿನಲ್ಲಿ ಕೆಲವು ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಅದರಲ್ಲಿ ಒಂದನ್ನು ಪುಣ್ಯಕ್ಷೇತ್ರದ ಕಛೇರಿಯಲ್ಲಿ ಕೂತಿರುವ ನನ್ನಂಥವರು ಆಗಾಗ ಕೇಳಿಸಿಕೊಳ್ಳುತ್ತೇವೆ. "ದಿನಾ ಪೂಜೆಗೆ ಬರೋರೇ ತಮ್ಮನ ಪಾಲಿನ ಜಮೀನು ನುಂಗ್ತಾರೆ. ದೇವರೇ ಇಲ್ಲ ಅನ್ನೋರು ಕಷ್ಟ ಅಂದ್ರೆ ಮೊದಲು ಓಡಿ ಬರ್ತಾರೆ. ಹಾಗಾದ್ರೆ ಈ ನಂಬಿಕೆಯಿಂದ ಏನು ಬಂತು?" ಎಂಬುದೇ ಆ ಪ್ರಶ್ನೆ.

ಹೀಗೆ ಕೇಳಿದವರನ್ನು ಗದರಿಸಿ ಸುಮ್ಮನಾಗಿಸಬಹುದು. ಆದರೆ ಪ್ರಶ್ನೆ ಸುಮ್ಮನಾಗುವುದಿಲ್ಲ. ಒಬ್ಬ ಕಥೋಲಿಕ ಲೇಖಕ ಇದೇ ಪ್ರಶ್ನೆಯನ್ನು ಹಿಡಿದು ಒಂದು ಇಡೀ ಕಾದಂಬರಿಯನ್ನೇ ಬರೆದಿದ್ದಾನೆ. ಅವನ ಹೆಸರು ಗ್ರಹಾಂ ಗ್ರೀನ್ (1904-1991), ಇಂಗ್ಲೆಂಡಿನವನು. 1926ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದವನು. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರ ಮೊದಲ ಪುಸ್ತಕ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಲು ಕಾರಣನಾದವನೂ ಇವನೇ. ಈತನ 'ದಿ ಪವರ್ ಅಂಡ್ ದಿ ಗ್ಲೋರಿ' ಎಂಬ ಕಾದಂಬರಿ 1940ರಲ್ಲಿ ಹೊರಬಂತು. 'ಶಕ್ತಿ ಮತ್ತು ಮಹಿಮೆ' ಎಂದು ಅದರ ಅರ್ಥ. ಪ್ರಭು ಕಲಿಸಿದ ಪ್ರಾರ್ಥನೆಯ ಕೊನೆಗೆ ಸೇರಿಸಿ ಹೇಳುವ ಮಾತಿನಿಂದ ಈ ಹೆಸರು ಬಂದಿದೆ.

ಕಥೆ ನಡೆದ ನಾಡು

ಕಥೆ ನಡೆಯುವುದು ಮೆಕ್ಸಿಕೋ ದೇಶದಲ್ಲಿ. ಅಲ್ಲಿ 1917ರ ಸಂವಿಧಾನ ಧರ್ಮಸಭೆಯ ಹಕ್ಕುಗಳನ್ನು ಬಹಳ ಮಟ್ಟಿಗೆ ಕಿತ್ತುಕೊಂಡಿತು. 1926ರಲ್ಲಿ ಅಧ್ಯಕ್ಷ ಕಾಯೆಸ್ ಅದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದಾಗ ಜನ ದಂಗೆ ಎದ್ದರು. 1929ರ ತನಕ ರಕ್ತ ಹರಿಯಿತು. ತಬಾಸ್ಕೊ ಎಂಬ ಪ್ರಾಂತ್ಯದಲ್ಲಂತೂ ತೊಮಾಸ್ ಗಾರಿದೊ ಕನಾಬಾಲ್ ಎಂಬ ಆಡಳಿತಗಾರ ಚರ್ಚುಗಳನ್ನು ಕೆಡವಿಸಿದ, ಮದುವೆಯಾಗದ ಗುರುಗಳಿಗೆ ಅಲ್ಲಿ ಜಾಗವೇ ಇಲ್ಲ ಎಂದ. ಅವನ ಅಧಿಕಾರ 1935ರಲ್ಲಿ ಮುಗಿಯಿತು. ಗ್ರೀನ್ 1938ರಲ್ಲಿ ಅಲ್ಲಿಗೆ ಹೋಗಿ, ತಬಾಸ್ಕೊ ಮತ್ತು ಪಕ್ಕದ ಚಿಯಾಪಾಸ್ ಪ್ರಾಂತ್ಯಗಳಲ್ಲಿ ತಿರುಗಾಡಿದ. ಕುಡುಕ ಗುರು ಒಬ್ಬರು ಅಮಲಿನಲ್ಲಿ ಗಂಡು ಮಗುವಿಗೆ ಬ್ರಿಜಿತ್ತಾ ಎಂದು ಹೆಣ್ಣಿನ ಹೆಸರಿಟ್ಟು ಜ್ಞಾನಸ್ನಾನ ಕೊಟ್ಟರಂತೆ ಎಂಬ ಸುದ್ದಿ ಅಲ್ಲಿ ಅವನ ಕಿವಿಗೆ ಬಿತ್ತು. ಆ ಗುರುವಿನಿಂದಲೇ ಕಾದಂಬರಿ ಹುಟ್ಟಿತು.

ಇಬ್ಬರು ಮನುಷ್ಯರು

ಕಾದಂಬರಿಯಲ್ಲಿ ಮುಖ್ಯವಾದವರು ಇಬ್ಬರು. ಇಬ್ಬರಿಗೂ ಗ್ರೀನ್ ಹೆಸರು ಕೊಟ್ಟಿಲ್ಲ.

ಒಬ್ಬರು ಗುರುಗಳು. ಪ್ರಾಂತ್ಯದಲ್ಲಿ ತಲೆಮರೆಸಿಕೊಂಡು ಉಳಿದಿರುವ ಕೊನೆಯ ಗುರು. ಊರೂರು ಅಲೆದು, ಗುಟ್ಟಾಗಿ ಪೂಜೆ ಅರ್ಪಿಸುತ್ತಾರೆ, ಪಾಪನಿವೇದನೆ ಕೇಳುತ್ತಾರೆ. ಆದರೆ ಅವರು ಸಂತರೇನಲ್ಲ. ಬ್ರಾಂದಿ ಇಲ್ಲದೆ ಆಗುವುದಿಲ್ಲ. ಒಂಟಿತನದಲ್ಲಿ ಮಾಡಿದ ಪಾಪದಿಂದ ಅವರಿಗೆ ಒಬ್ಬ ಮಗಳೂ ಇದ್ದಾಳೆ. ಸಾವೆಂದರೆ ಅವರಿಗೆ ಭಯ.

ಇನ್ನೊಬ್ಬ ಅವರನ್ನು ಬೆನ್ನಟ್ಟುವ ಪೊಲೀಸ್ ಲೆಫ್ಟಿನೆಂಟ್. ದೇವರಿಲ್ಲ ಎಂಬುದು ಆತನ ದೃಢ ನಿಲುವು. ಕುಡಿತವಿಲ್ಲ, ಹೆಣ್ಣಿನ ಚಟವಿಲ್ಲ, ಲಂಚವಿಲ್ಲ. ಮಲಗುವ ಕೋಣೆ ಸನ್ಯಾಸಿಯ ಕೋಣೆಯ ಹಾಗೆ ಖಾಲಿ. ಬಡತನದಲ್ಲಿ ಬೆಳೆದವನು. ತನ್ನ ಬಾಲ್ಯದಲ್ಲಿ, ಹಸಿದ ಜನರ ಕೈಯಿಂದ ಚರ್ಚು ಕಾಣಿಕೆ ಕೇಳುತ್ತಿದ್ದುದನ್ನು ಆತ ಮರೆತಿಲ್ಲ. ಬೀದಿಯಲ್ಲಿ ಆಡುವ ಮಕ್ಕಳನ್ನು ಕಂಡರೆ ಆತನ ಕರುಳು ಚುರುಕ್ ಅನ್ನುತ್ತದೆ. ತಾನು ಪಟ್ಟ ಪಾಡು ಇವರು ಪಡಬಾರದು, ಇವರಿಗೆ ಹೊಸ ಲೋಕ ಕಟ್ಟಿಕೊಡಬೇಕು ಎಂಬುದೇ ಆತನ ಆಸೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಇಷ್ಟು ಸಜ್ಜನ ಪೊಲೀಸನನ್ನು ತಾನು ಮೆಕ್ಸಿಕೋದಲ್ಲಿ ಕಾಣಲೇ ಇಲ್ಲ, ಸೋತ ಗುರುವಿಗೆ ಎದುರಾಗಿ ನಿಲ್ಲಿಸಲು ಅವನನ್ನು ತಾನೇ ಸೃಷ್ಟಿಸಬೇಕಾಯಿತು ಎಂದು ಗ್ರೀನ್ ಮುಂದೆ ಹೇಳಿದ್ದಾನೆ. ನಂಬಿಕೆಯ ಪರ ಬರೆಯುವವರು ಸಾಮಾನ್ಯವಾಗಿ ನಾಸ್ತಿಕನನ್ನು ದುಷ್ಟನನ್ನಾಗಿ ಮಾಡುತ್ತಾರೆ. ಆಗ ಗೆಲುವು ಸುಲಭ. ಗ್ರೀನ್ ತನ್ನ ಎದುರಾಳಿಗೆ ಒಳ್ಳೆಯ ಗುಣಗಳನ್ನೆಲ್ಲಾ ಕೊಟ್ಟ, ತನ್ನ ಕಡೆಯವರಿಗೆ ದೋಷಗಳನ್ನೆಲ್ಲಾ ಇಟ್ಟ. ಇಷ್ಟಾದ ಮೇಲೂ ನಂಬಿಕೆ ನಿಲ್ಲುತ್ತದೆಯೇ ಎಂದು ಪರೀಕ್ಷೆ ಮಾಡಿದ.

ಮೂರು ಭೇಟಿಗಳು

ಇಬ್ಬರೂ ಮೂರು ಸಲ ಎದುರಾಗುತ್ತಾರೆ. ಮೊದಲನೆಯದು ಒಂದು ಹಳ್ಳಿಯಲ್ಲಿ. ಗುರುವನ್ನು ಹಿಡಿದುಕೊಡದಿದ್ದರೆ ಪ್ರತಿ ಹಳ್ಳಿಯಿಂದ ಒಬ್ಬನನ್ನು ಒತ್ತೆ ಇಟ್ಟುಕೊಂಡು ಗುಂಡಿಕ್ಕುವುದು ಎಂದು ಲೆಫ್ಟಿನೆಂಟ್ ತೀರ್ಮಾನಿಸಿದ್ದಾನೆ. ಗುರುಗಳು ಹಳ್ಳಿಗರ ಸಾಲಿನಲ್ಲೇ ನಿಂತಿದ್ದಾರೆ. ಪೊಲೀಸರ ಹತ್ತಿರ ಇರುವುದು ಹಳೆಯ ಫೋಟೋ, ಅದರಲ್ಲಿ ಅವರು ದುಂಡಗೆ ಇದ್ದಾರೆ. ಈಗ ಬಡಕಲಾದ ಅವರ ಗುರುತು ಸಿಗುವುದಿಲ್ಲ. ಅವರ ಮಗಳೇ "ಇವರು ನಮ್ಮಪ್ಪ" ಎಂದು ಹೇಳಿ ಅವರನ್ನು ಉಳಿಸುತ್ತಾಳೆ. ಯಾವ ಪಾಪ ಅವರನ್ನು ಸುಡುತ್ತಿತ್ತೋ ಅದೇ ಅವರ ಜೀವ ಕಾಯಿತು. ಬೇರೊಬ್ಬನನ್ನು ಒತ್ತೆಯಾಗಿ ಎಳೆದಾಗ, ಅವನ ಬದಲು ನನ್ನನ್ನು ಕರಕೊಂಡು ಹೋಗಿ ಎಂದು ಗುರುಗಳು ಕೇಳುತ್ತಾರೆ. ಲೆಫ್ಟಿನೆಂಟ್ ಒಪ್ಪುವುದಿಲ್ಲ.

ಎರಡನೆಯದು ಜೈಲಿನಲ್ಲಿ. ಬ್ರಾಂದಿ ಬಾಟಲಿ ಇಟ್ಟುಕೊಂಡ ತಪ್ಪಿಗೆ ಗುರುಗಳನ್ನು ಒಂದು ರಾತ್ರಿ ಕತ್ತಲ ಕೋಣೆಗೆ ತಳ್ಳುತ್ತಾರೆ. ಕಳ್ಳರು, ಕೊಲೆಗಡುಕರು ತುಂಬಿದ, ಗಬ್ಬು ನಾರುವ ಕೋಣೆ. ತಾನು ಗುರು ಎಂದು ಅಲ್ಲಿ ಅವರು ಹೇಳಿಬಿಡುತ್ತಾರೆ. ಹಿಡಿದುಕೊಟ್ಟವರಿಗೆ 700 ಪೆಸೊ ಬಹುಮಾನವಿದೆ. ಆದರೂ ಒಬ್ಬರೂ ಬಾಯಿ ಬಿಡುವುದಿಲ್ಲ. ಅದೇ ಕೋಣೆಯಲ್ಲಿ ಒಬ್ಬ ಭಕ್ತೆಯೂ ಇದ್ದಾಳೆ, ಮನೆಯಲ್ಲಿ ಧಾರ್ಮಿಕ ಪುಸ್ತಕ ಇಟ್ಟುಕೊಂಡಿದ್ದಕ್ಕೆ ಬಂಧಿತಳಾದವಳು. ತಾನು ಇವರ ಹಾಗಲ್ಲ ಎಂಬ ಹೆಮ್ಮೆ ಅವಳದು. ಪಾಪಿಗಳ ನಡುವೆ ಗುರುಗಳಿಗೆ ನೆಮ್ಮದಿ ಸಿಗುತ್ತದೆ. ಈ ಭಕ್ತೆಯನ್ನು ಪ್ರೀತಿಸುವುದೇ ಅವರಿಗೆ ಕಷ್ಟವಾಗುತ್ತದೆ. ಯಾತ್ರೆಗೆ ಬಂದ ನಾವು ಈ ಪುಟವನ್ನು ಎರಡು ಸಲ ಓದಬೇಕು.

ಬೆಳಿಗ್ಗೆ ಬಿಡುಗಡೆ ಮಾಡುವಾಗ ಲೆಫ್ಟಿನೆಂಟ್, ಇವನ್ಯಾರೋ ಕೆಲಸವಿಲ್ಲದ ಬಡಪಾಯಿ ಅಂದುಕೊಂಡು 5 ಪೆಸೊ ಕೈಗಿಡುತ್ತಾನೆ. ಅದು ಆ ಕಾಲದಲ್ಲಿ ಒಂದು ಪೂಜೆಗೆ ಕೊಡುವ ಕಾಣಿಕೆಯಷ್ಟು ಹಣ. ಗುರುಗಳು ಬೆರಗಾಗಿ, ನೀನು ಒಳ್ಳೆಯ ಮನುಷ್ಯ ಎನ್ನುತ್ತಾರೆ. ಪೂಜೆಯ ಕಾಣಿಕೆಗೆ ರಸೀದಿ ಬರೆಯುವ ಕೆಲಸ ನನ್ನದಾದ್ದರಿಂದ ಈ ಮಾತು ನನಗೆ ವಿಶೇಷವಾಗಿ ನಾಟಿತು. ದೇವರಿಲ್ಲ ಎನ್ನುವವನ ಕೈಯಿಂದ, ಏನನ್ನೂ ಬೇಡದೆ, ಯಾವ ರಸೀದಿಯೂ ಇಲ್ಲದೆ ಬಂದ ಕಾಣಿಕೆ ಅದು.

ಮೂರನೆಯದು ಕೊನೆಯದು. ಗುರುಗಳು ಹೇಗೋ ಗಡಿ ದಾಟಿ ಸುರಕ್ಷಿತ ಪ್ರಾಂತ್ಯ ಸೇರುತ್ತಾರೆ. ಅಲ್ಲಿ ಊಟ, ಹಾಸಿಗೆ, ಮರ್ಯಾದೆ ಎಲ್ಲಾ ಸಿಗುತ್ತದೆ. ಸಿಕ್ಕ ಕೂಡಲೇ ಹಳೆಯ ಚಾಳಿ ತಿರುಗಿ ಬರುತ್ತದೆ, ಜ್ಞಾನಸ್ನಾನಕ್ಕೆ ಇಷ್ಟು ಕೊಡಿ ಅಷ್ಟು ಕೊಡಿ ಅಂತ ಚೌಕಾಸಿ ಶುರು. ಅಷ್ಟರಲ್ಲಿ ಒಬ್ಬ ಬಂದು, ಗಡಿಯಾಚೆ ಒಬ್ಬ ಕೊಲೆಗಾರ ಸಾಯುತ್ತಿದ್ದಾನೆ, ಪಾಪನಿವೇದನೆಗೆ ಗುರು ಬೇಕಂತೆ ಎನ್ನುತ್ತಾನೆ. ಇದು ಬಲೆ ಎಂದು ಗುರುಗಳಿಗೆ ಗೊತ್ತು. ಕರೆಯಲು ಬಂದವನು ಯೂದನಂಥವನು ಎಂದೂ ಗೊತ್ತು. ಆದರೆ ಸಾಯುವವನು ಇರುವುದೂ ನಿಜ. ಹೇಸರಗತ್ತೆಯ ಮುಖ ತಿರುಗಿಸಿ ಹೊರಟೇಬಿಡುತ್ತಾರೆ. ಸಾಯುವವನಿಂದ ಸರಿಯಾದ ಪಶ್ಚಾತ್ತಾಪದ ಮಾತೂ ಬರುವುದಿಲ್ಲ. ಬಾಗಿಲಲ್ಲಿ ಲೆಫ್ಟಿನೆಂಟ್ ನಿಂತಿರುತ್ತಾನೆ.

ಕೊನೆಯ ಮಾತುಕತೆ

ಮಳೆಯಲ್ಲಿ ಗುಡಿಸಲೊಳಗೆ ಸಿಕ್ಕಿಕೊಂಡು ಇಬ್ಬರೂ ಮಾತಿಗೆ ಕೂರುತ್ತಾರೆ. ನೀವು ಬಡವರಿಗೆ ಏನು ಮಾಡಿದಿರಿ, ಅವರ ದುಡ್ಡು ತಿಂದಿರಿ ಎಂದು ಲೆಫ್ಟಿನೆಂಟ್ ಕೇಳುತ್ತಾನೆ. ಗುರುಗಳು ಅಲ್ಲಗಳೆಯುವುದಿಲ್ಲ. ಆತ ಹೇಳುವುದರಲ್ಲಿ ಬಹಳಷ್ಟನ್ನು ಒಪ್ಪಿಕೊಂಡೇ ಒಂದು ವ್ಯತ್ಯಾಸ ತೋರಿಸುತ್ತಾರೆ. ನಿನ್ನ ಕೆಲಸ ನಡೆಯಬೇಕಾದರೆ ನೀನು ಒಳ್ಳೆಯವನಾಗಿರಲೇಬೇಕು. ನಿನ್ನ ಪಕ್ಷದಲ್ಲಿ ಯಾವಾಗಲೂ ನಿನ್ನಂಥವರೇ ಇರುತ್ತಾರೆಯೇ? ನಾಳೆ ಬರುವವನು ಲೂಟಿಕೋರನಾದರೆ ಹಳೆಯ ಹಸಿವು, ಹಳೆಯ ಪೆಟ್ಟು ಮತ್ತೆ ಬರುತ್ತವೆ. ನಾನೋ ಹೇಡಿ, ಕುಡುಕ. ಆದರೂ ನನ್ನ ಕೈಯಿಂದ ಜನರಿಗೆ ದೇವರೂ ದೊರೆಯುತ್ತಾನೆ, ಕ್ಷಮೆಯೂ ದೊರೆಯುತ್ತದೆ. ಅವರ ಮಾತಿನ ಸಾರ ಇದು.

ಇದು ಗ್ರೀನ್ ಹೊಸದಾಗಿ ಕಂಡುಹಿಡಿದ ವಾದವಲ್ಲ. ಸುಮಾರು 1600 ವರ್ಷಗಳ ಹಿಂದೆ, ಪಾಪಿ ಗುರುಗಳು ಕೊಟ್ಟ ಸಂಸ್ಕಾರ ಸಲ್ಲುವುದಿಲ್ಲ ಎಂದು ಉತ್ತರ ಆಫ್ರಿಕಾದಲ್ಲಿ ಡೊನಾಟಿಸ್ಟರು ವಾದಿಸಿದಾಗ ಸಂತ ಅಗಸ್ಟೀನರು ಕೊಟ್ಟ ಉತ್ತರವೂ ಇದೇ. ಕಲ್ಲಿನ ಕಾಲುವೆಯ ಉದಾಹರಣೆಯನ್ನು ಅವರು ಕೊಡುತ್ತಾರೆ. ಕಾಲುವೆಯಲ್ಲಿ ಏನೂ ಬೆಳೆಯುವುದಿಲ್ಲ, ಆದರೆ ಅದರಲ್ಲಿ ಹರಿದ ನೀರು ತೋಟವನ್ನು ಹಸಿರು ಮಾಡುತ್ತದೆ.

ಸರಿ, ಆದರೆ ಇದನ್ನು ಕೇಳಿ ನಾವು ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ತೋಟ ಹಸಿರಾದರೂ ಕಾಲುವೆ ಕಲ್ಲಾಗಿಯೇ ಉಳಿಯಿತಲ್ಲ! ನಂಬಿಕೆ ನನ್ನ ಮೂಲಕ ಬೇರೆಯವರಿಗೆ ಹರಿದು ಹೋಗಿ, ನಾನು ಒಣಗಿಯೇ ಇದ್ದರೆ? ಗುರುಗಳನ್ನು ಕೊನೆಯ ರಾತ್ರಿ ಕಾಡುವುದೂ ಇದೇ. ತಾನು ಬರಿಗೈಯಲ್ಲಿ ದೇವರ ಬಳಿಗೆ ಹೋಗುತ್ತಿದ್ದೇನೆ ಎಂಬ ದುಃಖ ಅವರದು. ಮಗಳಿಗಾಗಿ ಪ್ರಾರ್ಥಿಸುತ್ತಾರೆ. ಈ ಒಂದು ಮಗುವಿಗೆ ಮರುಗುವ ಹಾಗೆ ಲೋಕದ ಪ್ರತಿ ಜೀವಕ್ಕೂ ಮರುಗಬೇಕಿತ್ತಲ್ಲಾ, ಆಗಲಿಲ್ಲವಲ್ಲಾ ಎಂದು ಕೊರಗುತ್ತಾರೆ. ಹಿಂದೆ ದೊಡ್ಡ ಚರ್ಚಿನಲ್ಲಿ ಮರ್ಯಾದಸ್ಥರಾಗಿದ್ದಾಗ ಅವರಿಗೆ ಈ ಕೊರಗು ಇರಲಿಲ್ಲ. ಆಗ ಪಾಪಗಳೂ ಸಣ್ಣವು, ಪ್ರೀತಿಯೂ ಸಣ್ಣದು. ಕೆಳಗೆ ಬಿದ್ದ ಮೇಲೆ ಅವರು ಪ್ರೀತಿಸುವುದನ್ನು ಕಲಿತರು. ತಾನು ಸಂತನಲ್ಲ ಎಂದು ಅಳುವ ಈ ಮನುಷ್ಯ ಓದುಗರ ಕಣ್ಣಿಗೆ ಸಂತನಾಗಿ ಕಾಣುವುದು ಅಲ್ಲೇ.

ಇತ್ತ ಲೆಫ್ಟಿನೆಂಟನ ಸ್ಥಿತಿ ನೋಡಿ. ಜನರಿಗಾಗಿ ಎಂದು ಹೊರಟವನು ಅದೇ ಜನರನ್ನು ಒತ್ತೆ ಇಟ್ಟು ಕೊಂದ. ಅದರ ನೋವು ಆತನಿಗೂ ಇದೆ. ಸೆರೆಯಾಳಿಗೆ ಪಾಪನಿವೇದನೆ ಮಾಡಿಸಲು, ಸರ್ಕಾರಕ್ಕೆ ಹೆದರಿ ಮದುವೆಯಾಗಿರುವ ಹೋಸೆ ಎಂಬ ಗುರುವಿನ ಮನೆಗೆ ರಾತ್ರಿ ಆತನೇ ಹೋಗುತ್ತಾನೆ. ಆ ಗುರು ಹೆದರಿ ಬರುವುದಿಲ್ಲ. ನಾಸ್ತಿಕ ದಯೆ ತೋರಿಸಿದ, ಗುರು ತೋರಿಸಲಿಲ್ಲ. ಕಾನೂನು ಮುರಿದು ಸೆರೆಯಾಳಿಗೆ ಬ್ರಾಂದಿಯನ್ನೂ ಆತನೇ ತಂದುಕೊಡುತ್ತಾನೆ. ಆದರೆ ಬೇಟೆ ಮುಗಿದ ಮೇಲೆ ಆತನಿಗೆ ಗೆದ್ದ ಸಂತೋಷವಿಲ್ಲ, ಜೀವನವೇ ಖಾಲಿಯಾದ ಹಾಗೆ ಅನ್ನಿಸುತ್ತದೆ. ಆತನ ಪಿಸ್ತೂಲನ್ನು ಆಸೆಯಿಂದ ಮುಟ್ಟಿದ್ದ ಒಬ್ಬ ಹುಡುಗ, ಗುರುಗಳಿಗೆ ಗುಂಡಿಕ್ಕಿದ ಮೇಲೆ ಅದೇ ಪಿಸ್ತೂಲಿನ ಮೇಲೆ ಉಗುಳುತ್ತಾನೆ. ಅದೇ ರಾತ್ರಿ ಹೊಸ ಗುರು ಒಬ್ಬರು ಬಂದು ಬಾಗಿಲು ತಟ್ಟಿದಾಗ ಅವರ ಕೈಗೆ ಮುತ್ತಿಟ್ಟು ಒಳಗೆ ಬಿಡುವವನೂ ಆ ಹುಡುಗನೇ.

ಧರ್ಮಸಭೆ ಏನು ಹೇಳಿತು?

ಪುಸ್ತಕಕ್ಕೆ 1941ರಲ್ಲಿ ಇಂಗ್ಲೆಂಡಿನ ಹಾಥಾರ್ನ್‌ಡನ್ ಬಹುಮಾನ ಬಂತು. ಆದರೆ ಗುರುವನ್ನು ಹೀಗೆ ತೋರಿಸಬಹುದೇ ಎಂದು ರೋಮಿನ ಧರ್ಮಪೀಠದ ಕಛೇರಿ 1953ರಲ್ಲಿ ಆಕ್ಷೇಪಿಸಿ, ತಿದ್ದಲು ಸೂಚಿಸಿತು. ಗ್ರೀನ್ ತಿದ್ದಲಿಲ್ಲ. 1965ರಲ್ಲಿ ಜಗದ್ಗುರು ಆರನೇ ಪೌಲರನ್ನು ಭೇಟಿಯಾದಾಗ, ನಿಮ್ಮ ಪುಸ್ತಕಗಳ ಕೆಲವು ಭಾಗಗಳಿಂದ ಕೆಲವರಿಗೆ ಬೇಸರ ಆಗಿಯೇ ಆಗುತ್ತದೆ, ಅದಕ್ಕೆ ಗಮನ ಕೊಡಬೇಡಿ ಎಂದು ಅವರು ಹೇಳಿದರೆಂದು ಗ್ರೀನ್ ತಿಳಿಸಿದ್ದಾನೆ. ಅದೇ 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ನಾಸ್ತಿಕತೆ ಹುಟ್ಟುವುದರಲ್ಲಿ ನಂಬುವವರ ಪಾತ್ರವೂ ಸಣ್ಣದಲ್ಲ, ಅವರ ನಡತೆಯ ದೋಷಗಳು ದೇವರ ಮುಖವನ್ನೇ ಮರೆಮಾಡುತ್ತವೆ ಎಂಬ ಅರ್ಥದ ಮಾತನ್ನು ತನ್ನ ದಾಖಲೆಯಲ್ಲಿ ಬರೆಯಿತು. ಲೆಫ್ಟಿನೆಂಟನ ಬಾಲ್ಯ ನೆನಪಾಗುತ್ತದೆ ಅಲ್ಲವೇ?

ಮೆಕ್ಸಿಕೋದಲ್ಲಿ ಆ ವರ್ಷಗಳಲ್ಲಿ ಪ್ರಾಣ ಕೊಟ್ಟವರು ಕಥೆಯ ಗುರುಗಳೊಬ್ಬರೇ ಅಲ್ಲ. 1927ರ ನವೆಂಬರ್ 23ರಂದು ಗುಂಡಿಗೆ ಬಲಿಯಾದ ಯೇಸುಸಭೆಯ ಫಾದರ್ ಮಿಗೆಲ್ ಪ್ರೊ ಅವರನ್ನು 1988ರಲ್ಲಿ ಪುನೀತರೆಂದು ಸಾರಲಾಯಿತು. ಹಾಗೆಯೇ 2000ದಲ್ಲಿ, ಆ ಕಾಲದ 25 ಮಂದಿಯನ್ನು ಜಗದ್ಗುರು ಎರಡನೇ ಜಾನ್ ಪೌಲರು ಸಂತಪದವಿಗೆ ಏರಿಸಿದರು.

ನಮ್ಮ ಪ್ರಶ್ನೆಗೆ ಉತ್ತರ

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಂಬದವನೂ ಒಳ್ಳೆಯವನಾಗಿರಬಹುದೇ? ಆಗಿರಬಹುದು, ನಮಗಿಂತ ಒಳ್ಳೆಯವನೂ ಆಗಿರಬಹುದು. ಆತನನ್ನು ಕಂಡಾಗ ಗುರುಗಳ ಹಾಗೆ, ನೀನು ಒಳ್ಳೆಯವನು ಎಂದು ಬಾಯಿಬಿಟ್ಟು ಹೇಳಲು ನಮಗೆ ಬರಬೇಕು. ಹಾಗೆ ಹೇಳಿದರೆ ನಂಬಿಕೆಗೆ ಏನೂ ಕುಂದಿಲ್ಲ.

ಹಾಗಾದರೆ ನಂಬಿಕೆ ಯಾತಕ್ಕೆ? ನಾನು ತಿಳಿದಂತೆ, ನಂಬಿಕೆ ಒಳ್ಳೆಯವರಿಗೆ ಕೊಡುವ ಸರ್ಟಿಫಿಕೇಟ್ ಅಲ್ಲ. ಬಿದ್ದವನೂ ಎದ್ದು, ಯಾರೋ ಕರೆದಾಗ ಹೋಗುವುದಕ್ಕೆ ಬೇಕಾದ ಬಲ ಅದು. ಲೆಫ್ಟಿನೆಂಟನ ಹೊಸ ಲೋಕದಲ್ಲಿ ಸೋತವನಿಗೆ, ಸಾಯುತ್ತಿರುವ ಕೊಲೆಗಾರನಿಗೆ ಜಾಗವಿಲ್ಲ. ಗುರುಗಳು ಹೇಸರಗತ್ತೆ ತಿರುಗಿಸಿದ್ದು ಅಂಥ ಒಬ್ಬನಿಗಾಗಿ. ಒಳ್ಳೆಯತನ ಇಬ್ಬರಲ್ಲೂ ಇತ್ತು. ಯಾವ ಪ್ರಯೋಜನಕ್ಕೂ ಬಾರದ ಒಬ್ಬನಿಗಾಗಿ ಜೀವ ಬಿಡಲು ಕಾರಣ ಇದ್ದದ್ದು ಒಬ್ಬರಲ್ಲಿ ಮಾತ್ರ.

ಆದ್ದರಿಂದ ಯಾತ್ರಾರ್ಥಿಗಳೇ, ಬೆಟ್ಟ ಇಳಿದು ಊರಿಗೆ ಹೋದ ಮೇಲೆ, ದೇವರನ್ನು ನಂಬದ ನೆರೆಯವರ ಜೊತೆ ವಾದಕ್ಕೆ ಇಳಿಯಬೇಡಿ. ಅವರು ಮಾಡಿದ ಉಪಕಾರವನ್ನು ಉಪಕಾರವೆಂದೇ ಸ್ವೀಕರಿಸಿ. ತಮ್ಮನ ಪಾಲಿನ ಜಮೀನು ನಿಮ್ಮ ಕೈಯಲ್ಲಿದ್ದರೆ ಮೊದಲು ಅದನ್ನು ಬಿಟ್ಟುಕೊಡಿ. ಜೊತೆಗೆ, ಯಾರೂ ಹೋಗದ ಮನೆಯೊಂದು ನಿಮ್ಮ ಬೀದಿಯಲ್ಲಿ ಇದ್ದೇ ಇರುತ್ತದೆ, ಆ ಬಾಗಿಲನ್ನೂ ಒಮ್ಮೆ ತಟ್ಟಿ. ನಿಮ್ಮ ಪ್ರಯಾಣ ಸುಖಕರವಾಗಲಿ.