ಹದಿನೇಳು, ಹದಿನೆಂಟರ ನಡುವಿನ ಬೇಲಿ

ಪೃಥ್ವಿ ಕೊಣನೂರು ನಿರ್ದೇಶಿಸಿದ ‘ಹದಿನೇಳೆಂಟು’ ಹೆಚ್ಚು ಜನ ನೋಡಿದ ಸಿನಿಮಾ ಅಲ್ಲ. 2022ರ ಗೋವಾ ಚಿತ್ರೋತ್ಸವದಲ್ಲಿ ಭಾರತೀಯ ಪನೋರಮಾ ವಿಭಾಗ ಶುರುವಾದದ್ದೇ ಅದರಿಂದ. ಆದರೂ ನಮ್ಮ ಮಾದನಹಿಪ್ಪರಗಾದಲ್ಲಿ ಅದರ ಹೆಸರು ಕೇಳಿದವರು ನನಗೆ ಸಿಕ್ಕಿಲ್ಲ. ನಾನು ನೋಡಿದ್ದು ಗೆಳೆಯನ ಲ್ಯಾಪ್‌ಟಾಪಿನಲ್ಲಿ.

ಪಿಯುಸಿ ಓದುವ ದೀಪಾ ಮತ್ತು ಹರಿ ತರಗತಿಯಲ್ಲಿ ತಮ್ಮ ಆಪ್ತ ಗಳಿಗೆಯನ್ನು ಫೋನಿನಲ್ಲಿ ಸೆರೆಹಿಡಿಯುತ್ತಾರೆ. ವಿಡಿಯೊ ಹೊರಬೀಳುತ್ತದೆ. ಆಮೇಲೆ ಕಾಲೇಜು, ಪಾಲಕರು, ಕಾನೂನು ಬಲ್ಲವರು ಎಲ್ಲರೂ ಮಾತಾಡುತ್ತಾರೆ. ಮಾಡಿದ್ದು ಇಬ್ಬರೂ; ತೆರಬೇಕಾದ ಬೆಲೆ ಮಾತ್ರ ಒಂದೇ ಅಲ್ಲ.

ನೋಡುತ್ತ ನನಗೆ ಅಕ್ಕನ ನೆನಪಾಯಿತು. ಅವಳು ಹುಡುಗನೊಬ್ಬನ ಜೊತೆ ಫೋನಿನಲ್ಲಿ ಮಾತಾಡುವುದು ಮನೆಯಲ್ಲಿ ಗೊತ್ತಾದಾಗ ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. “ಮಂದಿ ಏನಂದಾರು? ನಾಳಿಂದ ಕಾಲೇಜಿಗಿ ಹೋಗೂದು ಬ್ಯಾಡ” ಅಂದ, ಅಷ್ಟೆ. ಎರಡು ವರ್ಷದ ಮೇಲೆ ನಾನೂ ಹಾಗೆಯೇ ಸಿಕ್ಕಿಬಿದ್ದೆ. “ಓದಿನ ಕಡಿ ಲಕ್ಷ್ಯ ಇರಲಿ” ಎಂಬಲ್ಲಿಗೆ ಮುಗಿಯಿತು. ಮರುದಿನ ಎಂದಿನಂತೆ ಆಳಂದದ ಬಸ್ಸು ಹತ್ತಿದೆ.

ಅಪ್ಪನ ಅಂಜಿಕೆ ಸುಳ್ಳಲ್ಲ. ಊರ ಬಾಯಿ ಹುಡುಗಿಯ ಬದುಕನ್ನು ಕೆಡಿಸಬಲ್ಲದು. 1859ರಲ್ಲಿ ‘ಆನ್ ಲಿಬರ್ಟಿ’ ಬರೆದ ಜಾನ್ ಸ್ಟುವರ್ಟ್ ಮಿಲ್ ಕೂಡ ಪ್ರಾಯಕ್ಕೆ ಬಾರದವರನ್ನು ತನ್ನ ಸ್ವಾತಂತ್ರ್ಯದ ತತ್ವದಿಂದ ಹೊರಗಿಟ್ಟ. ನಮ್ಮ 2012ರ ಪೋಕ್ಸೊ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. ಮಕ್ಕಳಿಗೆ ಕಾವಲು ಬೇಕು, ಒಪ್ಪುತ್ತೇನೆ.

ಆದರೆ ಕಾಳಜಿ ಯಾವುದು, ಹಿಡಿತ ಯಾವುದು? ನನಗೆ ತೋಚುವ ಪರೀಕ್ಷೆ ಸರಳ. ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ವಯಸ್ಸಿನಲ್ಲಿ ಒಂದೇ ತಪ್ಪು ಮಾಡಿದರೆ ಬೇಲಿಯ ಎತ್ತರವೂ ಒಂದೇ ಇರಬೇಕು. ಒಬ್ಬರಿಗೆ ಮಾತ್ರ ಅದು ಎತ್ತರವಾದರೆ, ಆ ಬೇಲಿ ಕಾಯುತ್ತಿರುವುದು ಮಗುವನ್ನಲ್ಲ, ಮನೆತನದ ಹೆಸರನ್ನು. ಇನ್ನೊಂದು ಮಾತು: ಕಾಳಜಿ ಇರುವವರು ತೀರ್ಮಾನಕ್ಕೆ ಮೊದಲು ಮಗುವನ್ನು ಕೇಳುತ್ತಾರೆ. ಅಕ್ಕನನ್ನು ಯಾರೂ ಕೇಳಲಿಲ್ಲ.

ಕಳೆದ ದೀಪಾವಳಿಗೆ ತವರಿಗೆ ಬಂದ ಅವಳಿಗೆ ಸಿನಿಮಾ ತೋರಿಸಿದೆ. ಅಪ್ಪನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ನನ್ನನ್ನು: “ನಿಂದು ಗೊತ್ತಾದಾಗಾದ್ರೂ ನನ್ನ ಸಲುವಾಗಿ ಒಂದ್ ಮಾತ್ ಆಡಬಹುದಿತ್ತಲ್ಲೊ ತಮ್ಮಾ?”

ಉತ್ತರ ಹೊಳೆಯಲಿಲ್ಲ. ನನಗೆ ಸಿಕ್ಕ ಸ್ವಾತಂತ್ರ್ಯವನ್ನು ಹಕ್ಕೆಂದು ತಿಳಿದಿದ್ದೆ. ಅಕ್ಕನಿಗೆ ಸಿಗದಿರುವಾಗ ಅದು ಬರೀ ರಿಯಾಯಿತಿ. ಹಿಡಿತ ಉಳಿಯುವುದು ಹಿಡಿದವರ ಬಲದಿಂದ ಮಾತ್ರವಲ್ಲ, ರಿಯಾಯಿತಿ ಪಡೆದು ಸುಮ್ಮನಿದ್ದ ನನ್ನಂಥವರಿಂದಲೂ.