ತಾಯಿಗೆ ಸತ್ಯವನ್ನು ಮರೆಮಾಡಬಹುದೋ?

ಬೆಟಗೇರಿಯ ಸುತ್ತಣ ಒಂದು ಹಳ್ಳಿಯಲ್ಲಿ ಒಬ್ಬ ತಾಯಿಯ ಹೊಟ್ಟೆಯು ಮೆಲ್ಲಮೆಲ್ಲನೆ ಉಬ್ಬುತ್ತದೆಂದು ನೆನಸಿರಿ. ನೆರೆಯವರು ವಾಯುವೆನ್ನುತ್ತಾರೆ, ಆಕೆಯು ಅರ್ಧ ರೊಟ್ಟಿಗೇ ಸಾಕೆಂದು ಏಳುತ್ತಾಳೆ, ನಾಚಿಕೆಯಿಂದ ಯಾರಿಗೂ ತೋರಿಸುವದಿಲ್ಲ. ಕಡೆಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ವೈದ್ಯರು ಗಂಡನನ್ನೂ ಹಿರಿಯ ಮಗನನ್ನೂ ಕರೆದು, ಇದು ಅಂಡಾಶಯದ ಕ್ಯಾನ್ಸರ್ ಎಂದು ತಿಳಿಸುತ್ತಾರೆ. ಮಗನು ಹೊರಗೆ ಬಂದು, “ಅಪ್ಪಾ, ಅವ್ವಗ ಹೇಳೂದು ಬ್ಯಾಡ. ಸಣ್ಣ ಗಂಟ ಐತಿ ಅಂತ ಅಷ್ಟ ಹೇಳೋಣು” ಅನ್ನುತ್ತಾನೆ. ಈ ಮಾತು ಪ್ರೀತಿಯಿಂದಲೇ ಹುಟ್ಟಿತು, ಸಂದೇಹವಿಲ್ಲ. ಆದರೆ ಪ್ರೀತಿಯಿಂದ ಹುಟ್ಟಿದ್ದೆಲ್ಲಾ ನ್ಯಾಯವಾದದ್ದೋ? ಇದನ್ನು ನಾವು ಸ್ವಲ್ಪ ವಿಚಾರಿಸೋಣ.

ಮೊದಲು ರೋಗದ ಸಂಗತಿಯನ್ನು ತಿಳಿಯತಕ್ಕದ್ದು. ಈ ಕ್ಯಾನ್ಸರು ಹೊಟ್ಟೆಯೊಳಗೆ ಅಡಗಿ ಬೆಳೆಯುವದರಿಂದ ಬಹುಮಂದಿಗೆ ತಡವಾಗಿಯೇ ಗೊತ್ತಾಗುತ್ತದೆ. ಇದಕ್ಕೆ ಮುಖ್ಯವಾದ ಚಿಕಿತ್ಸೆಗಳು ಎರಡು: ಗಡ್ಡೆಯನ್ನು ಸಾಧ್ಯವಾದಷ್ಟು ಪೂರ್ಣವಾಗಿ ತೆಗೆಯುವ ಶಸ್ತ್ರಕ್ರಿಯೆ, ಮತ್ತು ರಕ್ತನಾಳದ ಮೂಲಕ ಕೊಡುವ ಔಷಧಗಳು. ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಎರಡನ್ನು ಸಾಧಾರಣವಾಗಿ ೩ ವಾರಗಳಿಗೊಮ್ಮೆ, ೬ ಸಾರಿ ಕೊಡುವದುಂಟು. ರೋಗವು ಬಹಳ ಹರಡಿದ್ದರೆ ಮೊದಲು ಔಷಧ, ನಡುವೆ ಶಸ್ತ್ರಕ್ರಿಯೆ, ತಿರಿಗಿ ಔಷಧ. ಆರಂಭದಲ್ಲಿಯೇ ಸಿಕ್ಕಿದರೆ, ಎಳೆಯ ಪ್ರಾಯದ ಕೆಲವು ಸ್ತ್ರೀಯರಿಗೆ ಒಂದು ಅಂಡಾಶಯವನ್ನೂ ಗರ್ಭಕೋಶವನ್ನೂ ಉಳಿಸಲಿಕ್ಕಾಗುತ್ತದೆ. ವಂಶಪಾರಂಪರ್ಯದ ದೋಷವು ಪರೀಕ್ಷೆಯಲ್ಲಿ ಕಂಡರೆ, ರೋಗವು ಬೇಗನೆ ಮರಳದಂತೆ ಓಲಾಪಾರಿಬ್ ಎಂಬ ಗುಳಿಗೆಯನ್ನೂ ಕೊಡುತ್ತಾರೆ. ಗುಣವಾಗುವ ನಿರೀಕ್ಷೆಯು ತೀರಿದ್ದರೂ ಹೊಟ್ಟೆಯ ನೀರನ್ನು ತೆಗೆಯುವದು, ಮಾರ್ಫಿನ್‌ನಿಂದ ನೋವನ್ನು ಶಮನಮಾಡುವದು ಉಳಿದಿರುತ್ತದೆ.

ಈಗ ಕೇಳೋಣ: ಇವುಗಳಲ್ಲಿ ಯಾವದನ್ನಾದರೂ ರೋಗಿಯ ಮನಸ್ಸಿಲ್ಲದೆ ಆರಿಸಬಹುದೋ? ತಲೆಗೂದಲು ಉದುರುವದು ಆಕೆಯದು, ವಾಂತಿ ಆಕೆಯದು, ಹೊಟ್ಟೆಯ ಮೇಲಣ ಗಾಯವೂ ಆಕೆಯದು. ಮಕ್ಕಳನ್ನು ಹೆರುವ ಶಕ್ತಿ ಹೋಗುವದಾದರೆ ಅದು ಹೋಗುವದು ಆಕೆಯಿಂದಲೇ. ಸಣ್ಣ ಗಂಟೆಂದು ನಂಬಿದವಳು ಎರಡನೆಯ ಸಾರಿಯ ಔಷಧದ ನಂತರ, “ಇಷ್ಟಕ್ಕೆ ಇಷ್ಟು ಕಷ್ಟವೇಕೆ?” ಎಂದು ಚಿಕಿತ್ಸೆಯನ್ನೇ ಬಿಟ್ಟರೆ ಆ ತಪ್ಪು ಯಾರದು? ನೇಯುವವನಿಗೆ ಅಂಚಿನ ಬಣ್ಣವನ್ನು ತಿಳಿಸದೆ ಮಗ್ಗದ ಮುಂದೆ ಕೂಡ್ರಿಸುವವರು ಬೆಟಗೇರಿಯಲ್ಲಿ ಯಾರೂ ಇಲ್ಲ. ಸೀರೆಗೆ ಸಲ್ಲುವ ನ್ಯಾಯವು ಶರೀರಕ್ಕೆ ಸಲ್ಲಬಾರದೋ?

ಇದಕ್ಕೆ ಒಂದು ಹಳೆಯ ದೃಷ್ಟಾಂತವಿದೆ. ೧೮೦೯ನೆಯ ಇಸವಿಯಲ್ಲಿ ಅಮೇರಿಕದ ಕೆಂಟಕಿ ಪ್ರಾಂತದಲ್ಲಿ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯ ಹೊಟ್ಟೆಯು ಉಬ್ಬಿದಾಗ ಎಲ್ಲರೂ ಆಕೆ ಗರ್ಭಿಣಿಯೆಂದು ತಿಳಿದರು. ಎಫ್ರಾಯಿಮ್ ಮೆಕ್‌ಡೊವೆಲ್ ಎಂಬ ವೈದ್ಯನು ಪರೀಕ್ಷಿಸಿ, ಇದು ಅಂಡಾಶಯದ ಗಡ್ಡೆಯೆಂದು ಕಂಡನು. ಆತನು ಆಕೆಗೇ ಅಪಾಯವನ್ನು ತಿಳಿಸಿ, ಇಂಥ ಶಸ್ತ್ರಕ್ರಿಯೆಯನ್ನು ಯಾರೂ ಮಾಡಿದ್ದನ್ನು ತಾನು ಕೇಳಿಲ್ಲವೆಂತಲೂ, ತನ್ನ ಊರಾದ ಡ್ಯಾನ್‌ವಿಲ್‌ಗೆ ಬಂದರೆ ಪ್ರಯತ್ನಿಸುವೆನೆಂತಲೂ ಹೇಳಿದನು. ಆಕೆಯು ಚಳಿಗಾಲದಲ್ಲಿ ಕುದುರೆಯನ್ನೇರಿ ೬೦ ಮೈಲು ಹೋದಳು. ಆಗ ಅರಿವಳಿಕೆಯ ಔಷಧವಿರಲಿಲ್ಲ. ಕೀರ್ತನೆಗಳನ್ನು ಹೇಳುತ್ತಾ ನೋವನ್ನು ತಾಳಿದಳೆಂದು ಹೇಳುತ್ತಾರೆ. ೨೨ ಪೌಂಡಿಗಿಂತ ಹೆಚ್ಚಾದ ಗಡ್ಡೆ ಹೊರಗೆ ಬಂತು. ಆಕೆಯು ಮುಂದೆ ೩೨ ವರುಷ ಬದುಕಿದಳು. ಆ ಧೈರ್ಯವು ಸುಳ್ಳಿನಿಂದ ಬಂದದ್ದಲ್ಲ. ಸತ್ಯವನ್ನು ಕೇಳಿದ ಮೇಲೆ ಬಂದದ್ದು.

“ತಿಳಿದರೆ ಎದೆಯೊಡೆದು ಸಾಯುವಳು” ಎಂದು ಕೆಲವರು ಅನ್ನುವರು. ಈ ಭಯವನ್ನು ನಾವು ಹೀನೈಸುವದಿಲ್ಲ. ಆದರೂ ಸೊಸೆಯ ಕೆಂಗಣ್ಣು, ಬಾಗಿಲ ಮರೆಯ ಪಿಸುಮಾತು ಇವುಗಳನ್ನು ತಾಯಿಯು ಓದಲಾರಳೋ? ಆಕೆಯು ಅನೇಕ ವೇಳೆ ತಿಳಿದೇ ಇರುತ್ತಾಳೆ; ನಮಗೆ ದುಃಖವಾದೀತೆಂದು ಸುಮ್ಮನಿರುತ್ತಾಳೆ. ಹೀಗೆ ಒಂದೇ ಮನೆಯಲ್ಲಿ ಎಲ್ಲರೂ ಒಬ್ಬರಿಂದೊಬ್ಬರು ಅಡಗಿಕೊಳ್ಳುವರು, ಸಾಯುವವಳು ಒಂಟಿಯಾಗುವಳು. ಆದರೆ ಸತ್ಯವನ್ನು ಕಲ್ಲಿನಂತೆ ಎಸೆಯಬಾರದು. “ಅವ್ವಾ, ವೈದ್ಯರು ಹೇಳಿದ್ದನ್ನು ಕೇಳುತ್ತೀಯಾ?” ಎಂದು ಮೊದಲು ಕೇಳತಕ್ಕದ್ದು, ಆಕೆ ಕೇಳಿದಷ್ಟನ್ನು ಹೇಳತಕ್ಕದ್ದು. “ನೀವೇ ನೋಡಿಕೊಳ್ಳಿರಿ” ಎಂದರೆ ಅದೂ ಆಕೆಯ ತೀರ್ಮಾನವೇ.

ಇನ್ನೊಂದು ಗುಟ್ಟನ್ನೂ ಬಚ್ಚಿಡಬಾರದು, ಅದು ಹಣದ್ದು. ಹೊಲ ಮಾರುವರೆಂಬ ಅಂಜಿಕೆಯಿಂದ ಚಿಕಿತ್ಸೆಯನ್ನು ಬೇಡವೆನ್ನುವ ತಾಯಂದಿರುಂಟು. ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರುಷಕ್ಕೆ ೫ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ೨೦೧೮ರಲ್ಲಿ ಆರಂಭವಾಯಿತೆಂದು ಆಕೆಗೆ ತಿಳಿಸಿರಿ. ಹುಬ್ಬಳ್ಳಿಯ ನವನಗರದಲ್ಲಿಯೂ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೂ ಈ ರೋಗಕ್ಕೆ ಚಿಕಿತ್ಸೆಯುಂಟು. ಇದೆಲ್ಲಾ ತಿಳಿದ ಮೇಲೆಯೂ, “ಇನ್ನು ಸಾಕು, ಮನೆಯಲ್ಲಿರುತ್ತೇನೆ” ಎಂದು ಆಕೆ ಹೇಳಿದರೆ, ಆ ಮಾತಿಗೆ ನಾವು ತಲೆಬಾಗಬೇಕು. ತಿಳಿಯದೆ ಬಿಡುವದು ಬೇರೆ, ತಿಳಿದು ಬಿಡುವದು ಬೇರೆ.

ಆದದರಿಂದ ಸಹೋದರಿಯರೇ, ಹೊಟ್ಟೆಯುಬ್ಬರವೂ ಬೇಗ ಹೊಟ್ಟೆ ತುಂಬುವದೂ ಕೆಲವು ವಾರ ಬಿಡದೆ ಇದ್ದರೆ ನಾಚದೆ ವೈದ್ಯರಿಗೆ ತೋರಿಸಿರಿ. ಸಹೋದರರೇ, ವೈದ್ಯರ ಕೋಣೆಗೆ ನೀವು ಹೋಗುವಾಗ ತಾಯಿಯನ್ನು ಹೊರಗಿನ ಬಾಕಿನ ಮೇಲೆ ಕೂಡ್ರಿಸಬೇಡಿರಿ. ಕೈಹಿಡಿದು ಒಳಗೆ ಕರೆದುಕೊಂಡು ಹೋಗಿರಿ.