ಮೆಚ್ಚುಗೆಗೆ ಹಣ ಕಟ್ಟಿದಾಗ: ಸ್ಟೀಮ್ ಜಾಲದ ಪ್ರತಿಫಲ ಮತ್ತು ದುರ್ಬಳಕೆ

ಸ್ಟೀಮ್ ಎಂಬ ಬ್ಲಾಕ್‌ಚೈನ್‌ನಲ್ಲಿ ಬರಹಕ್ಕೆ ಸಿಗುವ ಹಣ ಓದುಗರ ಜೇಬಿನಿಂದ ಬರುವುದಿಲ್ಲ, ಜಾಹೀರಾತುದಾರರಿಂದಲೂ ಬರುವುದಿಲ್ಲ. ಜಾಲವೇ ಹೊಸ ನಾಣ್ಯಗಳನ್ನು ಹುಟ್ಟಿಸಿ ಒಂದು ಸಾಮಾನ್ಯ ನಿಧಿಗೆ ಹಾಕುತ್ತದೆ, ಸದಸ್ಯರ ಮತಗಳು ಆ ನಿಧಿಯನ್ನು ಹಂಚುತ್ತವೆ. 2016ರ ಮಾರ್ಚ್‌ನಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನ್ ಲ್ಯಾರಿಮರ್ ಇದನ್ನು ಆರಂಭಿಸಿದರು. ಇದರ ಮೇಲೆ ಕಟ್ಟಿದ ಸ್ಟೀಮಿಟ್ ತಾಣದಲ್ಲಿ ಮೊದಲ ಪಾವತಿ ಆದದ್ದು ಅದೇ ವರ್ಷದ ಜುಲೈ 4ರಂದು. ಫೇಸ್‌ಬುಕ್‌ನಂಥ ತಾಣಗಳಲ್ಲಿ ಆಗ ಕೋಟ್ಯಂತರ ಜನ ಬರೆಯುತ್ತಿದ್ದರು, ಅದರಿಂದ ಹುಟ್ಟುವ ಆದಾಯ ಮಾತ್ರ ಕಂಪನಿಯ ಷೇರುದಾರರಿಗೆ ಹೋಗುತ್ತಿತ್ತು. ಬರೆದವರಿಗೂ ಒಳ್ಳೆಯದನ್ನು ಹುಡುಕಿ ಮತ ಹಾಕಿದವರಿಗೂ ಆ ಆದಾಯದಲ್ಲಿ ಪಾಲು ಸಿಗಬೇಕೆಂಬುದು ಸ್ಟೀಮ್‌ನ ಆಶಯವಾಗಿತ್ತು. ಆಶಯ ನ್ಯಾಯವಾದದ್ದೇ. ಅದನ್ನು ಕಾಡಿದ ರೋಗವನ್ನು ಅರ್ಥಮಾಡಿಕೊಳ್ಳುವಾಗ ಈ ಮಾತು ನೆನಪಿನಲ್ಲಿರಬೇಕು.

2016ರ ಡಿಸೆಂಬರ್‌ನ ಬದಲಾವಣೆಯ ನಂತರ ಹೊಸ ನಾಣ್ಯದ ಹುಟ್ಟುವಳಿ ವರ್ಷಕ್ಕೆ ಶೇ. 9.5ರಿಂದ ಆರಂಭವಾಗಿ ನಿಧಾನವಾಗಿ ಇಳಿಯುವಂತೆ ನಿಗದಿಯಾಯಿತು. ಅದರಲ್ಲಿ ಶೇ. 75 ಭಾಗ ಪ್ರತಿಫಲದ ನಿಧಿಗೆ ಸೇರುತ್ತಿತ್ತು. ಒಬ್ಬ ಸದಸ್ಯನ ಮತದ ತೂಕವನ್ನು ಅವನು ಜಾಲದಲ್ಲಿ ಬೀಗ ಹಾಕಿಟ್ಟ ನಾಣ್ಯ, ಅಂದರೆ ಸ್ಟೀಮ್ ಪವರ್, ನಿರ್ಧರಿಸುತ್ತದೆ. ಹೆಚ್ಚು ನಾಣ್ಯ ಇದ್ದವನ ಮತಕ್ಕೆ ಹೆಚ್ಚು ತೂಕ. ಬರಹವೊಂದು ಪ್ರಕಟವಾದ ಏಳು ದಿನಗಳಿಗೆ ಅದರ ಲೆಕ್ಕ ಮುಗಿದು ಹಣ ಪಾವತಿಯಾಗುತ್ತದೆ. ನಿಧಿಯ ಗಾತ್ರ ನಿಗದಿಯಾಗಿರುವುದರಿಂದ ಒಬ್ಬನ ಪಾಲು ಹಿಗ್ಗಿದಷ್ಟೂ ಉಳಿದೆಲ್ಲರ ಪಾಲು ಕುಗ್ಗುತ್ತದೆ. ಇಲ್ಲಿ ಅನ್ಯಾಯದ ಗಳಿಕೆ ಯಾವಾಗಲೂ ಇನ್ನೊಬ್ಬರ ತಟ್ಟೆಯಿಂದ ತೆಗೆದದ್ದೇ, ಆ ಇನ್ನೊಬ್ಬರು ಯಾರೆಂದು ಮಾತ್ರ ಕಾಣುವುದಿಲ್ಲ.

ದುರ್ಬಳಕೆಯ ಬಗೆಗಳು ಹಲವು. ತನ್ನ ಬರಹಕ್ಕೆ ತಾನೇ ಮತ ಹಾಕಿಕೊಳ್ಳುವುದು ಅತ್ಯಂತ ಸರಳವಾದದ್ದು. ಅದು ಕಣ್ಣಿಗೆ ಬೀಳುತ್ತದೆಂದು ಹತ್ತಾರು ಖಾತೆ ತೆರೆದು ಒಂದರಿಂದ ಇನ್ನೊಂದಕ್ಕೆ ಹಾಕುವುದುಂಟು. ನಾಲ್ಕಾರು ಜನ ಕೂಟ ಕಟ್ಟಿಕೊಂಡು ಓದದೆಯೇ ಪರಸ್ಪರ ಮತ ಹಂಚಿಕೊಳ್ಳುವುದುಂಟು. ಬೇರೆಯವರ ಲೇಖನ, ಚಿತ್ರಗಳನ್ನು ಕದ್ದು ತಮ್ಮದೆಂದು ಹಾಕುವುದುಂಟು. ಹಳೆಯ ಬರಹವೊಂದರ ಅಡಿಯಲ್ಲಿ, ಯಾರೂ ಇಣುಕದ ಜಾಗದಲ್ಲಿ, ಅರ್ಥವಿಲ್ಲದ ಒಂದೆರಡು ಪದದ ಪ್ರತಿಕ್ರಿಯೆ ಬರೆದು ಅದಕ್ಕೆ ಮತ ಸುರಿಯುವುದೂ ಉಂಟು.

ಇವುಗಳಲ್ಲಿ ಯಾವುದೂ ಜಾಲದ ನಿಯಮದ ಪ್ರಕಾರ ತಪ್ಪೇ ಅಲ್ಲ ಎಂಬಲ್ಲಿ ಪ್ರಶ್ನೆ ತತ್ತ್ವದ ಮಟ್ಟಕ್ಕೆ ಏರುತ್ತದೆ. ಯಾರು, ಯಾವಾಗ, ಎಷ್ಟು ತೂಕದ ಮತ ಹಾಕಿದರು ಎಂಬುದು ಬ್ಲಾಕ್‌ಚೈನ್‌ಗೆ ತಿಳಿಯುತ್ತದೆ. ಏಕೆ ಹಾಕಿದರು ಎಂಬುದು ತಿಳಿಯುವುದಿಲ್ಲ. ಗೆಳೆಯನ ಕವಿತೆ ನಿಜಕ್ಕೂ ಹಿಡಿಸಿ ಹಾಕಿದ ಮತವೂ, ನಾಳೆ ಅವನು ತನಗೆ ಹಾಕುತ್ತಾನೆಂಬ ಲೆಕ್ಕದಲ್ಲಿ ಹಾಕಿದ ಮತವೂ ದಾಖಲೆಯಲ್ಲಿ ಒಂದೇ ರೂಪದಲ್ಲಿರುತ್ತವೆ. ದುರ್ಬಳಕೆ ಎಂಬುದು ಉದ್ದೇಶವನ್ನೂ ಅಳತೆಯನ್ನೂ ಕುರಿತ ಮಾತು. ಉದ್ದೇಶವನ್ನು ಓದಲಾಗದ ಯಂತ್ರದ ಒಳಗೆ ಆ ಮಾತಿಗೆ ಅರ್ಥವೇ ಹುಟ್ಟುವುದಿಲ್ಲ. ಈ ತೊಡಕಿಗೆ ಕಾರಣ ಇನ್ನೂ ಆಳದಲ್ಲಿದೆ: ಸ್ಟೀಮ್‌ನಲ್ಲಿ ಮತ ಎಂಬುದು ಏಕಕಾಲಕ್ಕೆ ತೀರ್ಪೂ ಹೌದು, ಆಸ್ತಿಯೂ ಹೌದು. ತೀರ್ಪು ಕೊಡುವವನು ತನ್ನ ಲಾಭವನ್ನು ಮರೆಯಬೇಕು. ಆಸ್ತಿ ಉಳ್ಳವನು ಅದರಿಂದ ಲಾಭ ಪಡೆಯುವುದನ್ನು ಯಾರೂ ತಪ್ಪೆನ್ನಲಾರರು. ತನ್ನ ಹಣದಿಂದ ಕೊಂಡ ಮತವನ್ನು ತನಗೇ ಹಾಕಿಕೊಂಡರೆ ಏನು ತಪ್ಪು ಎಂದು ಕೇಳುವವನು ಆಸ್ತಿಯ ಭಾಷೆಯಲ್ಲಿ ಮಾತನಾಡುತ್ತಿದ್ದಾನೆ, ಅದು ಕಳ್ಳತನ ಎನ್ನುವವನು ತೀರ್ಪಿನ ಭಾಷೆಯಲ್ಲಿ. ಇಬ್ಬರ ಮಾತಿಗೂ ಆಧಾರವಿದೆ. ದುರ್ಬಳಕೆಯನ್ನು ತಡೆಯಲು ನಡೆದ ಪ್ರಯತ್ನಗಳೆಲ್ಲ ಈ ಎರಡು ಭಾಷೆಗಳ ನಡುವೆ ಸಿಕ್ಕಿಕೊಂಡವು.

ಸ್ಥಾಪಕರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ದುರ್ಬಳಕೆಯನ್ನು ಸಂಪೂರ್ಣವಾಗಿ ಅಳಿಸುವುದು ಸಾಧ್ಯವೂ ಇಲ್ಲ, ಗುರಿಯೂ ಆಗಬಾರದು ಎಂದು ಸ್ಟೀಮ್‌ನ ಶ್ವೇತಪತ್ರ ಮೊದಲೇ ಒಪ್ಪಿಕೊಂಡಿತ್ತು. ನಿಜವಾದ ಕೆಲಸ ಮಾಡುವವರು ಎದೆಗುಂದುವಷ್ಟು ಅದು ಹೆಚ್ಚಬಾರದು, ಅಷ್ಟೇ. ಶ್ವೇತಪತ್ರ ಬುಟ್ಟಿಯಲ್ಲಿಟ್ಟ ಏಡಿಗಳ ಕಥೆಯನ್ನು ಇದಕ್ಕೆ ಬಳಸಿತು. ಒಂದು ಏಡಿ ಮೇಲೆ ಹತ್ತಿದರೆ ಉಳಿದವು ಕಾಲು ಹಿಡಿದು ಕೆಳಗೆಳೆಯುವುದರಿಂದ ಬುಟ್ಟಿಗೆ ಮುಚ್ಚಳವೇ ಬೇಡ. ನಮ್ಮಲ್ಲಿ ಹೊಟ್ಟೆಕಿಚ್ಚಿನ ಗುರುತಾಗಿ ಹೇಳುವ ಕಥೆ ಅಲ್ಲಿ ಕಾವಲಿನ ಮಾದರಿಯಾಯಿತು: ನಿಧಿಯಿಂದ ಹೆಚ್ಚು ಬಾಚಿಕೊಳ್ಳುವವನನ್ನು ಇತರರು ಡೌನ್‌ವೋಟ್, ಅಂದರೆ ಗಳಿಕೆಯನ್ನು ತಗ್ಗಿಸುವ ಎದುರು ಮತ, ಹಾಕಿ ಕೆಳಗೆಳೆಯಲಿ ಎಂಬುದು ಲೆಕ್ಕ. ಏಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದವಾದರೆ ಈ ಲೆಕ್ಕ ಸರಿ. ಸ್ಟೀಮ್‌ನಲ್ಲಿ ಹಾಗಿರಲಿಲ್ಲ. ಅಲ್ಲಿನ ದೊಡ್ಡ ಪಾಲುದಾರರನ್ನು ಜನ ತಿಮಿಂಗಿಲಗಳೆಂದೇ ಕರೆಯುತ್ತಿದ್ದರು.

ಮೊದಲ ತಡೆ ಗಣಿತದ್ದು. ಬರಹವೊಂದಕ್ಕೆ ಬಿದ್ದ ಒಟ್ಟು ತೂಕದ ವರ್ಗಕ್ಕೆ ಅನುಗುಣವಾಗಿ ಆರಂಭದಲ್ಲಿ ಪ್ರತಿಫಲ ನಿರ್ಧಾರವಾಗುತ್ತಿತ್ತು. 1 ಪಾಲು ತೂಕದವನು ತನಗೆ ತಾನೇ ಮತ ಹಾಕಿಕೊಂಡರೆ 1. ಅಂಥ ಹತ್ತು ಜನ ಒಂದೇ ಬರಹವನ್ನು ಮೆಚ್ಚಿದರೆ 10 ಅಲ್ಲ, 100. ಒಂಟಿ ಸ್ವಾರ್ಥಕ್ಕಿಂತ ಹಲವರ ಸಹಮತ ಲಾಭಕರವಾಗಲಿ ಎಂಬುದು ಇದರ ಹಿಂದಿನ ವಿಚಾರ. ಆದರೆ 1000 ಪಾಲಿನ ಒಬ್ಬನೇ ಒಬ್ಬನಿಗೆ ಈ ಸೂತ್ರ 10 ಲಕ್ಷ ಕೊಡುತ್ತದೆ. ಸಣ್ಣವರ ಸ್ವಾರ್ಥವನ್ನು ಕಟ್ಟಿಹಾಕಿದ ಅದೇ ಸೂತ್ರ ದೊಡ್ಡವರ ಇಷ್ಟವನ್ನೇ ತೀರ್ಪಾಗಿಸಿತು. 2017ರ ಜೂನ್‌ನಲ್ಲಿ, ಹತ್ತೊಂಬತ್ತನೆಯ ಹಾರ್ಡ್ ಫೋರ್ಕ್‌ನಲ್ಲಿ (ಜಾಲದ ನಿಯಮಗಳನ್ನೇ ಬದಲಿಸುವ ಪರಿಷ್ಕರಣೆಯಲ್ಲಿ), ವರ್ಗದ ಸೂತ್ರವನ್ನು ಕೈಬಿಟ್ಟು ನೇರ ಅನುಪಾತಕ್ಕೆ ಬಂದರು. ಸಣ್ಣ ಮತಕ್ಕೂ ಬೆಲೆ ಬಂತು, ಹೊಸಬರು ಸಂಭ್ರಮಪಟ್ಟರು. ಜೊತೆಗೇ ಸ್ವಮತವೂ ಎಲ್ಲರಿಗೂ ಲಾಭವಾಯಿತು, ಏಕೆಂದರೆ ಬೇರೆಯವರ ಒಪ್ಪಿಗೆ ಇದ್ದರೂ ಇಲ್ಲದಿದ್ದರೂ ಮತದ ಬೆಲೆ ಈಗ ಅಷ್ಟೇ. ಸಮಾನತೆ ತಂದ ಸುಧಾರಣೆ ಆಮಿಷವನ್ನೂ ಸಮಾನವಾಗಿ ಹಂಚಿತು.

ಆಮಿಷದ ಗಾತ್ರವನ್ನು ಲೆಕ್ಕ ಹಾಕಿ ನೋಡಬಹುದು. ಆಗ ಬರಹದ ಗಳಿಕೆಯಲ್ಲಿ ಶೇ. 75 ಬರೆದವರಿಗೆ, ಶೇ. 25 ಮತ ಹಾಕಿದವರಿಗೆ ಹೋಗುತ್ತಿತ್ತು. 100 ರೂಪಾಯಿ ಬೆಲೆಯ ಮತವನ್ನು ಒಬ್ಬ ಪ್ರಾಮಾಣಿಕವಾಗಿ ಇನ್ನೊಬ್ಬರ ಒಳ್ಳೆಯ ಬರಹಕ್ಕೆ ಹಾಕಿದರೆ ಅವನಿಗೆ ಹೆಚ್ಚುಕಡಿಮೆ 25 ರೂಪಾಯಿ ಮರಳುತ್ತದೆ, ತನಗೇ ಹಾಕಿಕೊಂಡರೆ 100. ಪ್ರಾಮಾಣಿಕನಿಗಿಂತ ಸ್ವಾರ್ಥಿಗೆ ನಾಲ್ಕು ಪಟ್ಟು ಆದಾಯ. ಇಂಥ ಕಡೆ ಜನರ ಚಾರಿತ್ರ್ಯವನ್ನು ದೂರುವುದು ಸುಲಭ, ಆದರೆ ಅನ್ಯಾಯ. ಪ್ರತಿದಿನ, ಹತ್ತು ಸಲ, ಮುಕ್ಕಾಲು ಪಾಲು ಲಾಭ ಬಿಟ್ಟುಕೊಡು ಎಂದು ಮನುಷ್ಯನಿಗೆ ಹೇಳುವ ವ್ಯವಸ್ಥೆ ಅವನಿಂದ ಸಂತನ ಗುಣವನ್ನು ಬೇಡುತ್ತಿದೆ. ಸಂತರಿಗಾಗಿ ಮಾಡಿದ ನಿಯಮ ಸಾಮಾನ್ಯರನ್ನು ಕೆಡಿಸುತ್ತದೆ.

ಇದರ ಮುಂದಿನ ಹೆಜ್ಜೆ ಮತಗಳ ಮಾರಾಟ. 2017ರಲ್ಲಿ ಸ್ಟೀಮ್ ಪವರನ್ನು ಬೇರೆ ಖಾತೆಗೆ ಎರವಲು ಕೊಡುವ ಸೌಲಭ್ಯ ಬಂದ ಮೇಲೆ ಬಿಡ್ ಬಾಟ್ ಎಂಬ ತಂತ್ರಾಂಶಗಳು ಬೆಳೆದವು. ಪಾಲುದಾರರು ತಮ್ಮ ಶಕ್ತಿಯನ್ನು ಬಾಟ್‌ಗೆ ಕೊಟ್ಟು ಬಾಡಿಗೆ ಪಡೆಯುತ್ತಿದ್ದರು, ಬರೆಯುವವರು ಬಾಟ್‌ಗೆ ಹಣ ಕಟ್ಟಿ ಮತ ಕೊಳ್ಳುತ್ತಿದ್ದರು. ಪೂರ್ಣ ಮತವೊಂದಕ್ಕೆ ಖರ್ಚಾದ ಶಕ್ತಿ ಮರಳಿ ತುಂಬಲು 2.4 ಗಂಟೆ ಬೇಕಾದ್ದರಿಂದ ಹರಾಜಿನ ಸುತ್ತುಗಳೂ ಅಷ್ಟೇ ಅವಧಿಯವು. ಆ ಸುತ್ತಿನಲ್ಲಿ ಹಣ ಕಟ್ಟಿದವರೆಲ್ಲರಿಗೂ ಕಟ್ಟಿದ ಪ್ರಮಾಣದಲ್ಲಿ ಮತ. ಇದು ಜಾಹೀರಾತಿನಂತೆಯೇ, ಹಣ ಕೊಟ್ಟು ಓದುಗರ ಗಮನ ಕೊಳ್ಳುವುದು ತಪ್ಪಲ್ಲ ಎಂದು ಸಮರ್ಥಿಸಿದವರಿದ್ದರು. ಆ ಹೋಲಿಕೆ ನಿಲ್ಲುವುದಿಲ್ಲ. ಜಾಹೀರಾತುದಾರ ಕೊಡುವುದು ತನ್ನ ಹಣ. ಇಲ್ಲಿ ಕೊಂಡ ಮತ ಸಾಮಾನ್ಯ ನಿಧಿಯಿಂದ ಹಣ ತೆಗೆದು ಕೊಂಡವನಿಗೇ ಮರಳಿಸುತ್ತದೆ. ಜಾಹೀರಾತು ತಾನು ಜಾಹೀರಾತು ಎಂದು ಹೇಳಿಕೊಳ್ಳುತ್ತದೆ. ಕೊಂಡ ಮತ ಮೆಚ್ಚುಗೆಯ ವೇಷದಲ್ಲಿ ಬರುತ್ತದೆ. ತಾಣದ ಜನಪ್ರಿಯ ಬರಹಗಳ ಪಟ್ಟಿ ಹಣ ಕಟ್ಟಿದವರ ಪಟ್ಟಿಯಾದಾಗ ಓದುಗ ಕಳೆದುಕೊಂಡದ್ದು ನಾಣ್ಯವನ್ನಲ್ಲ, ಒಳ್ಳೆಯದು ಎಲ್ಲಿದೆ ಎಂಬ ಸುಳಿವನ್ನು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ ವಿಚಾರ, ಅಳತೆಗೋಲೇ ಗುರಿಯಾದರೆ ಅಳತೆ ಕೆಡುತ್ತದೆ ಎಂಬುದು, ಇಲ್ಲಿ ಅಕ್ಷರಶಃ ನಡೆಯಿತು.

ಕಾವಲಿನ ಕೆಲಸಕ್ಕೆ ಸ್ವಯಂಸೇವಕರು ನಿಂತರು. ಸ್ಟೀಮ್‌ಕ್ಲೀನರ್ಸ್ ಎಂಬ ಗುಂಪು ಕಳವು, ನಕಲಿ ಖಾತೆ, ಕಸದ ಬರಹಗಳನ್ನು ಪತ್ತೆಹಚ್ಚಿ ಡೌನ್‌ವೋಟ್ ಹಾಕುತ್ತಿತ್ತು. ಚೀತಾ ಎಂಬ ಬಾಟ್ ಬೇರೆಡೆ ಪ್ರಕಟವಾದ ಬರಹಕ್ಕೆ ಹೋಲಿಕೆ ಕಂಡರೆ ಅದರ ಕೆಳಗೆ ಮೂಲದ ಕೊಂಡಿ ಹಾಕುತ್ತಿತ್ತು. ಪಾವತಿಗೆ ಸ್ವಲ್ಪವೇ ಮೊದಲು, ಯಾರೂ ಎದುರು ಮತ ಹಾಕಲು ಸಮಯವಿಲ್ಲದಂತೆ, ದೊಡ್ಡ ಮತ ಹಾಕಿಕೊಳ್ಳುವ ಕುತಂತ್ರವನ್ನು ಕೊನೆಯ 12 ಗಂಟೆಗಳಲ್ಲಿ ಅಪ್‌ವೋಟ್‌ಗೆ ಅವಕಾಶವಿಲ್ಲವೆಂಬ ನಿಯಮ ಮುರಿಯಿತು. ತೀರ್ಪಿಗೆ ಮೊದಲು ಎದುರುವಾದಕ್ಕೆ ಸಮಯವಿರಬೇಕೆಂಬ ಹಳೆಯ ನ್ಯಾಯತತ್ತ್ವ ಇಲ್ಲಿ ತಂತ್ರಾಂಶದ ಸಂಕೇತದ ಒಂದು ಸಾಲಾಗಿ ಬಂದಿದೆ. ಇಡೀ ವ್ಯವಸ್ಥೆಯ ಅತ್ಯಂತ ವಿವೇಕದ ನಿಯಮ ಇದೇ ಎನ್ನಬಹುದು.

ಆದರೆ ಕಾವಲುಗಾರನಿಗೆ ಸಂಬಳವಿರಲಿಲ್ಲ. ಡೌನ್‌ವೋಟ್‌ಗೂ ಅಪ್‌ವೋಟ್‌ಗೂ ಒಂದೇ ಶಕ್ತಿ ಖರ್ಚಾಗುತ್ತಿದ್ದುದರಿಂದ ಕಳ್ಳನನ್ನು ತಡೆದವನು ತನ್ನ ಅಂದಿನ ಗಳಿಕೆಯನ್ನು ಬಿಡಬೇಕಿತ್ತು. ತಡೆದದ್ದರಿಂದ ಉಳಿದ ಹಣ ಎಲ್ಲರಿಗೂ ಹಂಚಿಹೋಗುತ್ತದೆ, ನಷ್ಟ ಮಾತ್ರ ಅವನೊಬ್ಬನದು. ಇದರ ಮೇಲೆ ಸೇಡಿನ ಭಯ. ದೊಡ್ಡ ಪಾಲುದಾರನೊಬ್ಬನ ಸ್ವಮತವನ್ನು ಪ್ರಶ್ನಿಸಿದ ಸಣ್ಣ ಬರಹಗಾರನ ಎಲ್ಲ ಬರಹಗಳನ್ನೂ ಆ ದೊಡ್ಡವನು ತಿಂಗಳುಗಟ್ಟಲೆ ಸೊನ್ನೆಗಿಳಿಸಬಲ್ಲ.

2019ರ ಆಗಸ್ಟ್ 27ರಂದು ಜಾರಿಗೆ ಬಂದ ಇಪ್ಪತ್ತೊಂದನೆಯ ಹಾರ್ಡ್ ಫೋರ್ಕ್ ಈ ಗಂಟುಗಳಿಗೆ ಒಟ್ಟಿಗೆ ಕೈಹಾಕಿತು. ಗಳಿಕೆಯನ್ನು ಬರೆದವರು ಮತ್ತು ಮತ ಹಾಕಿದವರ ನಡುವೆ ಸಮಪಾಲು ಮಾಡಿದರು. ಪ್ರಾಮಾಣಿಕ ಮತಕ್ಕೂ ಸ್ವಮತಕ್ಕೂ ನಾಲ್ಕು ಪಟ್ಟಿದ್ದ ಅಂತರ ಎರಡು ಪಟ್ಟಿಗೆ ಇಳಿಯಿತು. ಡೌನ್‌ವೋಟ್‌ಗೆ ಪ್ರತ್ಯೇಕ ಶಕ್ತಿಯ ಸಂಗ್ರಹ ಕೊಟ್ಟರು. ದಿನಕ್ಕೆ ಎರಡೂವರೆ ಪೂರ್ಣ ಡೌನ್‌ವೋಟ್‌ನಷ್ಟು ಕಾವಲಿಗೆ ಸ್ವಂತ ಗಳಿಕೆ ಬಿಡಬೇಕಾಗಿಲ್ಲ. ಪ್ರತಿಫಲದ ರೇಖೆಯನ್ನು ಕೆಳತುದಿಯಲ್ಲಿ ಮಾತ್ರ ಬಾಗಿಸಿ, ಯಾರ ಕಣ್ಣಿಗೂ ಬೀಳದ ಚಿಕ್ಕ ಚಿಕ್ಕ ಕಸದ ಪ್ರತಿಕ್ರಿಯೆಗಳಿಗೆ ಸಿಗುವುದನ್ನು ತಗ್ಗಿಸಿದರು. ಮೂರರಲ್ಲಿ ಹೆಚ್ಚು ಮುಖ್ಯವಾದದ್ದು ಎರಡನೆಯದು. ಕಾವಲಿನ ಖರ್ಚನ್ನು ಒಬ್ಬನ ತಲೆಯಿಂದ ತೆಗೆದು ವ್ಯವಸ್ಥೆಯೇ ಹೊತ್ತಾಗ ಮಾತ್ರ ಕಾವಲು ತ್ಯಾಗವಾಗದೆ ರೂಢಿಯಾಗುತ್ತದೆ. ಮತ ಕೊಳ್ಳುವುದು ನಷ್ಟದ ವ್ಯಾಪಾರವಾಗತೊಡಗಿ ಬಿಡ್ ಬಾಟ್‌ಗಳ ಹಿಡಿತ ಸಡಿಲಿತು. ಬಾಗಿಸಿದ ರೇಖೆಗೆ ಮಾತ್ರ ಬೆಲೆ ತೆತ್ತವರು ಓದುಗರಿನ್ನೂ ಸಿಕ್ಕಿರದ ಹೊಸ ಬರಹಗಾರರು. ಕಸದ ಪ್ರತಿಕ್ರಿಯೆಯನ್ನೂ ಅವರ ಮೊದಲ ಪ್ರಾಮಾಣಿಕ ಬರಹವನ್ನೂ ಗಣಿತ ಬೇರೆ ಮಾಡಿ ನೋಡುವುದಿಲ್ಲ.

ಸಾಮಾನ್ಯ ನಿಧಿಯನ್ನು ಜನ ತಾವೇ ಕಾಪಾಡಿಕೊಳ್ಳಬಲ್ಲರೇ ಎಂಬ ಪ್ರಶ್ನೆಗೆ ಎಲಿನೋರ್ ಆಸ್ಟ್ರಮ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಮೃದ್ಧ ಉತ್ತರವಿದೆ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು. ಅವರು ಉದಾಹರಿಸುವಂತೆ, ಸ್ವಿಟ್ಜರ್‌ಲೆಂಡಿನ ಟರ್ಬೆಲ್ ಎಂಬ ಹಳ್ಳಿಯಲ್ಲಿ 1517ರಷ್ಟು ಹಿಂದೆಯೇ ಒಂದು ನಿಯಮವಿತ್ತು: ಚಳಿಗಾಲದಲ್ಲಿ ತನ್ನ ಮೇವಿನಿಂದ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಒಬ್ಬ ಬೇಸಿಗೆಯಲ್ಲಿ ಊರಿನ ಬೆಟ್ಟದ ಗೋಮಾಳಕ್ಕೆ ಬಿಡಬಹುದು. ಹಕ್ಕಿನ ಅಳತೆ ಅವನು ಹೊರುವ ಹೊಣೆಯಲ್ಲೇ ಅಡಗಿದೆ. ಬಾಳಿಕೆ ಬಂದ ಇಂಥ ವ್ಯವಸ್ಥೆಗಳಲ್ಲಿ ಕಾವಲುಗಾರರು ಬಳಕೆದಾರರಿಗೆ ಉತ್ತರಿಸಬೇಕಾದವರು, ಶಿಕ್ಷೆ ತಪ್ಪಿಗೆ ತಕ್ಕಂತೆ ಹಂತಹಂತವಾಗಿ ಏರುವಂಥದ್ದು, ಜಗಳ ಬಗೆಹರಿಸುವ ಜಾಗ ಹತ್ತಿರದಲ್ಲಿ, ಕಡಿಮೆ ಖರ್ಚಿನಲ್ಲಿ ಸಿಗುವಂಥದ್ದು ಎಂದು ಆಸ್ಟ್ರಮ್ ಗುರುತಿಸಿದರು. ಸ್ಟೀಮ್‌ನ ಕೊರತೆ ಈ ಬೆಳಕಿನಲ್ಲಿ ನಿಚ್ಚಳವಾಗುತ್ತದೆ. ಅಲ್ಲಿ ಶಿಕ್ಷೆಯ ಗಾತ್ರವನ್ನು ತೀರ್ಮಾನಿಸುವುದು ತಪ್ಪಿನ ಗಾತ್ರವಲ್ಲ, ಶಿಕ್ಷಿಸುವವನ ಆಸ್ತಿಯ ಗಾತ್ರ. ಸಣ್ಣ ತಪ್ಪಿಗೆ ತಿಮಿಂಗಿಲದ ಡೌನ್‌ವೋಟ್ ಬಿದ್ದರೆ ಇಡೀ ಗಳಿಕೆ ಸೊನ್ನೆ, ದೊಡ್ಡ ತಪ್ಪಿಗೆ ನೂರು ಸಣ್ಣವರು ಎದುರಾದರೂ ಗೀರು ಬೀಳದೆ ಹೋಗಬಹುದು. ಮೇಲ್ಮನವಿಗೆ ಜಾಗವಿಲ್ಲ. ಡೌನ್‌ವೋಟನ್ನು ಎಷ್ಟು ಅಗ್ಗ ಮಾಡಿದರೂ ಈ ದೋಷ ಹೋಗದು, ಏಕೆಂದರೆ ಅಗ್ಗವಾದದ್ದು ದೊಡ್ಡವನಿಗೂ ಅಗ್ಗವೇ.

ಒಬ್ಬ ಮನುಷ್ಯನಿಗೆ ಒಂದೇ ಮತ ಎಂದು ಬದಲಾಯಿಸಿದರೆ ಆಯಿತಲ್ಲ ಎಂಬ ಪರಿಹಾರ ತಕ್ಷಣ ಹೊಳೆಯುತ್ತದೆ. ಹಾಗೆ ಮಾಡಲು ಪ್ರತಿ ಖಾತೆಯ ಹಿಂದೆ ಒಬ್ಬ ನಿಜವಾದ, ಬೇರೆಯೇ ಆದ ಮನುಷ್ಯನಿದ್ದಾನೆಂದು ಯಾರೋ ಪರಿಶೀಲಿಸಬೇಕು. ಹೆಸರು ಮುಚ್ಚಿಟ್ಟು ಬರೆಯುವ ಸ್ವಾತಂತ್ರ್ಯವನ್ನು ನೆಚ್ಚಿದ ಜಾಲದಲ್ಲಿ ಗುರುತಿನ ಚೀಟಿ ಕೇಳುವ ಅಧಿಕಾರಿಯೊಬ್ಬ ಹುಟ್ಟಿಕೊಳ್ಳುತ್ತಾನೆ. ನಾಣ್ಯದಿಂದ ಮತ ತೂಗುವ ಪದ್ಧತಿಯನ್ನು ಆರಿಸಿಕೊಂಡದ್ದೇ ಇಂಥ ಅಧಿಕಾರಿ ಬೇಡವೆಂದು: ನೂರು ನಕಲಿ ಖಾತೆ ತೆರೆದರೂ ನಾಣ್ಯ ನೂರು ಪಟ್ಟಾಗುವುದಿಲ್ಲ. ನಕಲಿ ಜನರ ಕಾಟವನ್ನು ಅದು ನಿಜವಾಗಿಯೂ ತಡೆಯಿತು, ಅದರ ಬದಲಿಗೆ ನಿಜವಾದ ಧನಿಕರ ಆಳ್ವಿಕೆಯನ್ನು ತಂದಿತು.

ಆ ಆಳ್ವಿಕೆಯ ಕೊನೆಯ ರೂಪ 2020ರಲ್ಲಿ ಕಂಡಿತು. ಫೆಬ್ರುವರಿಯಲ್ಲಿ ಟ್ರಾನ್ ಜಾಲದ ಸ್ಥಾಪಕ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡರು, ಅದರೊಂದಿಗೆ ಕಂಪನಿಯ ಬಳಿಯಿದ್ದ ಭಾರಿ ನಾಣ್ಯರಾಶಿಯೂ ಅವರ ಕೈಸೇರಿತು. ಜಾಲದ ಅಭಿವೃದ್ಧಿಗೆ ಮೀಸಲು, ಆಡಳಿತದಲ್ಲಿ ಮತ ಚಲಾಯಿಸಲು ಅಲ್ಲ ಎಂದು ಸದಸ್ಯರು ನಂಬಿದ್ದ ರಾಶಿ ಅದು. ಸದಸ್ಯರ ಮತದಿಂದ ಆಯ್ಕೆಯಾಗಿ ಜಾಲವನ್ನು ನಡೆಸುವ ವಿಟ್ನೆಸ್‌ಗಳು ಆ ಖಾತೆಗಳನ್ನು ತಾತ್ಕಾಲಿಕವಾಗಿ ಸ್ತಂಭನಗೊಳಿಸಿದರು. ಮಾರ್ಚ್ ಆರಂಭದಲ್ಲಿ ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ವಿನಿಮಯ ಕೇಂದ್ರಗಳಲ್ಲಿದ್ದ ಗ್ರಾಹಕರ ಠೇವಣಿ ನಾಣ್ಯಗಳನ್ನೂ ಬಳಸಿ ಮತ ಹಾಕಿ ಆ ವಿಟ್ನೆಸ್‌ಗಳನ್ನು ಇಳಿಸಲಾಯಿತು. ಸಂಕೇತದ ಒಂದು ನಿಯಮವೂ ಮುರಿದಿರಲಿಲ್ಲ. ಮತವೇ ಆಸ್ತಿಯಾದರೆ ಇನ್ನೊಬ್ಬರ ಆಸ್ತಿಯನ್ನು ಕೈಯಲ್ಲಿ ಹಿಡಿದವನು ಅವರ ಮತವನ್ನೂ ಹಿಡಿದಿರುತ್ತಾನೆ.

ಸದಸ್ಯರಲ್ಲಿ ದೊಡ್ಡ ಗುಂಪು 2020ರ ಮಾರ್ಚ್ 20ರಂದು ಅದೇ ಸಂಕೇತ, ಅದೇ ಇತಿಹಾಸ ಹೊತ್ತ ಹೈವ್ ಎಂಬ ಬೇರೆ ಜಾಲ ಕಟ್ಟಿಕೊಂಡಿತು. ಹೆಚ್ಚಿನ ಸದಸ್ಯರ ನಾಣ್ಯವನ್ನು ಹೊಸ ಜಾಲಕ್ಕೆ ಒಯ್ದ ಅವರು ಸ್ಟೀಮಿಟ್ ಕಂಪನಿಯ ರಾಶಿಯನ್ನು ಆ ಕಂಪನಿಗೆ ಕೊಡಲಿಲ್ಲ. ಅದು ಯಾರ ಸ್ವತ್ತು ಎಂಬುದನ್ನು ಯಂತ್ರದ ದಾಖಲೆ ನೋಡಿ ಅಲ್ಲ, ಅದು ಯಾವುದಕ್ಕಾಗಿ ಇತ್ತು ಎಂಬುದನ್ನು ನೋಡಿ ತೀರ್ಮಾನಿಸಿದರು. ಉದ್ದೇಶವನ್ನು ಓದುವ ಕೆಲಸವನ್ನು ಮನುಷ್ಯರೇ ಮಾಡಿದ ಗಳಿಗೆ ಅದು. ಹೈವ್‌ನಲ್ಲೂ ಪ್ರತ್ಯೇಕ ಡೌನ್‌ವೋಟ್ ಸಂಗ್ರಹ ಉಳಿಯಿತು, ಕಾವಲು ಗುಂಪು ಹೈವ್‌ವಾಚರ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಕಳವು ತಪ್ಪೆಂಬುದರಲ್ಲಿ ಅಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಸ್ವಂತ ಬರಹವೇ ಆದರೂ ಅದಕ್ಕೆ ಬಂದ ಹಣ ಯೋಗ್ಯತೆಗೆ ಮೀರಿತು ಎಂಬ ಒಂದೇ ಕಾರಣಕ್ಕೆ ಡೌನ್‌ವೋಟ್ ಹಾಕಬಹುದೇ ಎಂಬ ಜಗಳ ಮಾತ್ರ ಹೊಸ ಜಾಲಕ್ಕೂ ಬಂದು ಸೇರಿತು.